ಕಪ್ಪತಗುಡ್ಡದ ಕಾಲುದಾರಿಗಳು

'ದೂರದ ಬೆಟ್ಟ ನುಣ್ಣಗೆ' ಎಂಬ ಗಾದೆಯನ್ನು ಕೇಳದ ಮನೆ ನಮ್ಮ ನಾಡಿನಲ್ಲಿ ಇರಲಾರದು. ಲೋಕದ ಹುಸಿಮೋಹವನ್ನು ತಿಳಿಸುವುದಕ್ಕೆ ಹಿರಿಯರು ಅದನ್ನು ಬಳಸುತ್ತ ಬಂದಿದ್ದಾರೆ. ಅದೇ ಗಾದೆಯನ್ನು ಬೆಟ್ಟದ ವಿಷಯವಾಗಿಯೇ ವಿಚಾರಿಸಿ ನೋಡಿದರೆ ಮತ್ತೊಂದು ಅರ್ಥ ಹೊಳೆಯುತ್ತದೆ. ಬೆಟ್ಟವನ್ನು ದೂರದಿಂದ ಮಾತ್ರ ಕಂಡವನಿಗೆ ಅದರ ಕಲ್ಲು, ಮುಳ್ಳು, ನೀರು, ನೆರಳು ಯಾವುವೂ ತಿಳಿಯವು. ತಿಳಿಯದ ವಸ್ತುವಿನ ಮೇಲೆ ಪ್ರೀತಿ ಹುಟ್ಟದು. ಪ್ರೀತಿಯಿಲ್ಲದ ವಸ್ತುವನ್ನು ಯಾರಾದರೂ ಅಗೆದುಕೊಂಡು ಹೋದರೆ ಏಕೆಂದು ಕೇಳುವವರೂ ಇರುವುದಿಲ್ಲ. ಆದಕಾರಣ ಬೆಟ್ಟವನ್ನು ಉಳಿಸಿಕೊಳ್ಳಬೇಕೆನ್ನುವ ಜನ ಮೊದಲು ಅದನ್ನು ತಮ್ಮ ಕಾಲುಗಳಿಂದ ಅರಿಯಬೇಕಾಗುತ್ತದೆ. ಈ ಮಾತಿಗೆ ನಮ್ಮ ಸಮೀಪದಲ್ಲಿಯೇ ಇರುವ ಸಾಕ್ಷಿಯೆಂದರೆ ಕಪ್ಪತಗುಡ್ಡ.

ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲೂಕುಗಳ ನಮ್ಮ ಓದುಗರಿಗೆ ಕಪ್ಪತಗುಡ್ಡವು ಪರಸ್ಥಳವಲ್ಲ. ೧೯೯೭ರಲ್ಲಿ ಹಾವೇರಿ ಮತ್ತು ಗದಗ ಜಿಲ್ಲೆಗಳು ಪ್ರತ್ಯೇಕವಾಗುವವರೆಗೆ ಈ ನಾಲ್ಕು ತಾಲೂಕುಗಳೂ ಆ ಗುಡ್ಡವೂ ಒಂದೇ ಧಾರವಾಡ ಜಿಲ್ಲೆಯ ಮಡಿಲಲ್ಲಿದ್ದವು. ಜಿಲ್ಲೆ ಬೇರೆಯಾದುದರಿಂದ ಗುಡ್ಡ ದೂರ ಸರಿಯಲಿಲ್ಲ. ಸವಣೂರಿನಿಂದ ಲಕ್ಷ್ಮೇಶ್ವರ, ಶಿರಹಟ್ಟಿಗಳ ಮೇಲೆ ಹಾಯ್ದು ಹೋದರೆ ಅರ್ಧ ದಿನವೂ ಬೇಡದ ಪ್ರಯಾಣ. ಹಾಗಿದ್ದರೂ ನಮ್ಮ ಮಕ್ಕಳಲ್ಲಿ ಎಷ್ಟು ಮಂದಿ ಅದನ್ನು ಏರಿದ್ದಾರೆ ಎಂದು ಕೇಳಿಕೊಂಡರೆ ಉತ್ತರ ಸಮಾಧಾನಕರವಾಗಿರದು.

ಓಟದ ಹಂಬಲ

ಇತ್ತೀಚಿನ ವರ್ಷಗಳಲ್ಲಿ ನಮ್ಮ ಭಾಗದ ಯಾವ ಊರಿಗೆ ಹೋದರೂ ನಸುಕಿನಲ್ಲಿ ರಸ್ತೆಯ ಬದಿ ಹಿಡಿದು ಓಡುವ ತರುಣರು ಕಾಣಸಿಗುತ್ತಾರೆ. ಪೊಲೀಸು ಮತ್ತು ಸೈನ್ಯದ ಭರ್ತಿಗೆ ಓಟದ ಪರೀಕ್ಷೆಯಿರುವುದು ಇದಕ್ಕೆ ಒಂದು ಕಾರಣ. ಮೈ ಹಗುರವಾಗಿರಬೇಕೆಂಬ ಆರೋಗ್ಯದ ಕಾಳಜಿ ಮತ್ತೊಂದು. ಹುಡುಗಿಯರೂ ಅಲ್ಲಲ್ಲಿ ಓಡತೊಡಗಿರುವುದು ಸಂತೋಷದ ಸಂಗತಿ. ಆದರೆ ಶಿಗ್ಗಾವಿ, ಬಂಕಾಪುರಗಳ ಕಡೆಯ ಹುಡುಗರಿಗೆ ರಾಷ್ಟ್ರೀಯ ಹೆದ್ದಾರಿಯ ಅಂಚೇ ಓಟದ ಅಂಗಳವಾಗಿದೆ. ಲಾರಿ ಬಸ್ಸುಗಳ ಭರಾಟೆಯ ನಡುವೆ ಮಗ ಓಡಲು ಹೋದನೆಂದರೆ ಅವನು ಮರಳುವ ತನಕ ತಾಯಿಯ ಜೀವ ಬಾಗಿಲಲ್ಲಿಯೇ ಇರುತ್ತದೆ. ಡಾಂಬರು ರಸ್ತೆ ಮೊಳಕಾಲಿಗೂ ಹಿತವಾದುದಲ್ಲ.

ಈ ತರುಣರ ಬಾಯಲ್ಲಿ ಈಗ 'ಟ್ರೇಲ್ ರನ್ನಿಂಗ್' ಎಂಬ ಮಾತು ಕೇಳಿಬರುತ್ತದೆ. ಗುಡ್ಡ ಕಾಡುಗಳ ಕಾಲುದಾರಿಯಲ್ಲಿ ಓಡುವುದಕ್ಕೆ ಹೊರನಾಡಿನವರು ಇಟ್ಟ ಹೆಸರು ಇದು. ಯುರೋಪಿನ ಮಾಂ ಬ್ಲಾಂ ಪರ್ವತವನ್ನು ಸುತ್ತುವರಿದು ಫ್ರಾನ್ಸ್, ಇಟಲಿ, ಸ್ವಿಟ್ಜರ್ಲೆಂಡ್ ಮೂರು ದೇಶಗಳನ್ನು ಹಾಯುವ ಓಟವೊಂದು ೨೦೦೩ರಿಂದ ನಡೆದುಬಂದಿದೆ. ಅದರ ದೂರ ಸುಮಾರು ೧೭೦ ಕಿಲೋಮೀಟರು. ಒಟ್ಟು ಏರು ಹತ್ತು ಸಾವಿರ ಮೀಟರಿನಷ್ಟು. ನಮ್ಮ ಚಿಕ್ಕಮಗಳೂರಿನ ಕಾಫಿ ತೋಟಗಳ ದಾರಿಗಳಲ್ಲಿ ೨೦೧೬ರಲ್ಲಿ ಮಲ್ನಾಡ್ ಅಲ್ಟ್ರಾ ಎಂಬ ದೀರ್ಘ ಓಟ ಆರಂಭವಾಯಿತು. ಇವುಗಳ ಸುದ್ದಿ ಓದಿದ ನಮ್ಮ ಹುಡುಗರ ಕಣ್ಣು ಹತ್ತಿರದ ಗುಡ್ಡಗಳ ಕಡೆಗೆ ಹೊರಳಿರುವುದು ಸಹಜವೇ ಆಗಿದೆ.

ಇದನ್ನು ಪೇಟೆಯವರ ಹುಚ್ಚೆಂದು ಹಿರಿಯರು ತಳ್ಳಿಹಾಕಬೇಕಾಗಿಲ್ಲ. ಜಪಾನಿನ ಹಿಯೈ ಪರ್ವತದಲ್ಲಿ ತೆಂದೈ ಪಂಥದ ಬೌದ್ಧ ಭಿಕ್ಷುಗಳು ಏಳು ವರ್ಷಗಳ ಅವಧಿಯಲ್ಲಿ ಸಾವಿರ ದಿನ ಬೆಟ್ಟದ ದಾರಿಯನ್ನು ವೇಗವಾಗಿ ನಡೆಯುವ ವ್ರತವನ್ನು ಶತಮಾನಗಳಿಂದ ಆಚರಿಸುತ್ತಿದ್ದಾರೆ. ದಾರಿಯುದ್ದಕ್ಕೂ ಇರುವ ಗುಡಿ, ಮರ, ಕಲ್ಲುಗಳಿಗೆ ನಿಂತು ವಂದಿಸುತ್ತ ಮುಂದೆ ಸಾಗುವುದು ಅವರ ಕ್ರಮ. ನಮ್ಮಲ್ಲಿಯೂ ಯುಗಾದಿಗೆ ಮುನ್ನ ಉತ್ತರ ಕರ್ನಾಟಕದ ಸಾವಿರಾರು ಭಕ್ತರು ಶ್ರೀಶೈಲಕ್ಕೆ ಕಾಲ್ನಡಿಗೆಯಿಂದ ಹೋಗುತ್ತಾರೆ. ನಲ್ಲಮಲೆಯ ಅಡವಿಯಲ್ಲಿ ನಾಗಲೂಟಿ, ಪೆಚ್ಚೆರುವು, ಭೀಮನಕೊಳ್ಳ, ಕೈಲಾಸದ್ವಾರಗಳನ್ನು ಹಾಯುವ ಅವರ ದಾರಿ ಹುಲಿಗಳ ರಕ್ಷಿತಾರಣ್ಯದೊಳಗಿನ ದಾರಿಯಾಗಿದೆ. ಹಿರೇಕೆರೂರಿಗೆ ನೆರೆಯ ಶಿಕಾರಿಪುರ ತಾಲೂಕಿನ ಉಡುತಡಿಯಿಂದ ಹೊರಟ ಅಕ್ಕಮಹಾದೇವಿ ಕಲ್ಯಾಣವನ್ನು ಕಂಡು ಶ್ರೀಶೈಲದ ಕದಳಿಯನ್ನು ಸೇರಿದ್ದು ಕಾಲ್ನಡಿಗೆಯಿಂದಲೇ. ಹನ್ನೆರಡನೆಯ ಶತಮಾನದಲ್ಲಿ ಒಬ್ಬ ಹೆಣ್ಣುಮಗಳು ನಡೆದ ದಾರಿಯನ್ನು ನೆನೆದರೆ, ಗುಡ್ಡದ ದಾರಿ ಹೆಣ್ಣುಮಕ್ಕಳಿಗಲ್ಲವೆಂಬ ಮಾತು ನಮ್ಮ ಮನೆಗಳಲ್ಲಿ ಹುಟ್ಟಲಾರದು.

ಪುಲಿಗೆರೆಯನ್ನು ಹಾಯ್ದು

ಸವಣೂರಿನಿಂದ ಹೊರಡುವವರು ಮೊದಲು ಅಲ್ಲಿನ ದೊಡ್ಡಹುಣಸೆ ಮಠದ ಆವರಣದಲ್ಲಿ ಒಂದು ಗಳಿಗೆ ನಿಲ್ಲುವುದು ಒಳ್ಳೆಯದು. ಆಫ್ರಿಕಾ ಖಂಡದ ಮೂಲದ ಮೂರು ಮಹಾವೃಕ್ಷಗಳಿಂದ ಆ ಮಠ ಹೆಸರಾಗಿದೆ. ೨೦೨೩ರ ಮಳೆಗಾಲದಲ್ಲಿ ಅವುಗಳಲ್ಲೊಂದು ಉರುಳಿಬಿದ್ದಾಗ ಊರೇ ಮರುಗಿತು. ಬಿದ್ದ ಮರವನ್ನು ಮರಳಿ ನೆಡುವ ಕಾರ್ಯವೂ ನಡೆಯಿತು. ಪ್ರತಿದಿನ ಕಣ್ಣಿಗೆ ಬೀಳುವ, ಮಕ್ಕಳು ತೆಕ್ಕೆಹಾಯ್ದು ಅಳೆದು ನೋಡಿದ ಮರವಾದುದರಿಂದಲೇ ಅದಕ್ಕೆ ಇಷ್ಟು ಜನ ಮಿಡಿದರು. ಅಡವಿಯ ನಡುವೆ ಯಾರೂ ಕಾಣದೆ ಉರುಳುವ ಮರಕ್ಕೆ ಆ ಭಾಗ್ಯವಿಲ್ಲ.

ಮುಂದೆ ಲಕ್ಷ್ಮೇಶ್ವರ. ಇದು ಹಳೆಯ ಪುಲಿಗೆರೆ. ಆದಿಕವಿ ಪಂಪನು ಮೆಚ್ಚಿ ಹೆಸರಿಸಿದ ತಿರುಳ್ಗನ್ನಡದ ನೆಲ. ಇಲ್ಲಿನ ಸೋಮೇಶ್ವರ ದೇವಾಲಯವು ಶರಣ ಆದಯ್ಯನ ಕಥೆಯೊಡನೆ ಬೆಸೆದುಕೊಂಡಿದೆ. ಶಿರಹಟ್ಟಿಯಲ್ಲಿ ಹಿಂದೂ ಮುಸಲ್ಮಾನರಿಬ್ಬರೂ ನಡೆದುಕೊಳ್ಳುವ ಫಕೀರೇಶ್ವರ ಮಠವಿದೆ. ಶಿರಹಟ್ಟಿಯನ್ನು ದಾಟಿದೊಡನೆ ಬಯಲಿನ ತುದಿಯಲ್ಲಿ ಉದ್ದಕ್ಕೆ ಮಲಗಿದ ಗುಡ್ಡಸಾಲು ಕಣ್ಣಿಗೆ ಬೀಳುತ್ತದೆ. ಗದಗಿನ ಸಮೀಪದ ಬಿಂಕದಕಟ್ಟಿಯಿಂದ ತುಂಗಭದ್ರೆಯ ದಂಡೆಯ ಸಿಂಗಟಾಲೂರಿನವರೆಗೆ ಸುಮಾರು ೬೦ ಕಿಲೋಮೀಟರು ಹಬ್ಬಿರುವ ಈ ಸಾಲು ಗದಗ, ಮುಂಡರಗಿ, ಶಿರಹಟ್ಟಿ ತಾಲೂಕುಗಳಲ್ಲಿ ಹಂಚಿಕೊಂಡಿದೆ.

ಇದನ್ನು ಉತ್ತರ ಕರ್ನಾಟಕದ ಸಹ್ಯಾದ್ರಿ ಎಂದು ಕರೆಯುವವರುಂಟು. ಆದರೆ ಹಾನಗಲ್ಲಿನ ಮಲೆನಾಡ ಸೆರಗಿನಿಂದ ಬಂದವರು ದಟ್ಟವಾದ ಹಸಿರನ್ನು ಬಯಸಿದರೆ ನಿರಾಶರಾದಾರು. ಇದು ಮಳೆ ಕಡಿಮೆಯಿರುವ ನಾಡಿನ ಒಣಗಾಡು. ಕುರುಚಲು ಮರ, ಮುಳ್ಳುಕಂಟಿ, ಮಳೆಗಾಲದಲ್ಲಿ ಮೊಳಕಾಲೆತ್ತರ ಬೆಳೆದು ಮಾಗಿಯಲ್ಲಿ ಹೊನ್ನಿನ ಬಣ್ಣ ತಳೆಯುವ ಹುಲ್ಲು, ಇವೇ ಇದರ ಸಂಪತ್ತು. ಕವಳಿ, ಬಾರಿ, ಕಾರಿ ಹಣ್ಣುಗಳನ್ನು ಬಲ್ಲ ಹಳ್ಳಿಯ ಮಕ್ಕಳಿಗೆ ಇದು ಉಗ್ರಾಣ; ಮೂಲಿಕೆಗಳನ್ನು ಬಲ್ಲ ವೈದ್ಯರಿಗೆ ಔಷಧಾಲಯ. ಎಪ್ಪತ್ತು ಗಿರಿಗಳನ್ನು ನೋಡುವುದಕ್ಕಿಂತ ಕಪ್ಪತಗಿರಿಯೊಂದನ್ನು ನೋಡುವುದು ಮೇಲೆಂದು ಸುತ್ತಲ ಜನ ಹೇಳುವುದುಂಟು.

ಕಾಲ ಕೆಳಗಿನ ಕಲ್ಲನ್ನು ಗಮನಿಸಿದರೆ ಕಪ್ಪು ಕೆಂಪು ಪಟ್ಟೆಗಳು ಒಂದರ ಮೇಲೊಂದು ಕುಳಿತಿರುವುದು ಕಾಣುತ್ತದೆ. ಇದು ಕಬ್ಬಿಣದ ಅಂಶವುಳ್ಳ ಪಟ್ಟೆಶಿಲೆ. ಭೂಮಿಯ ಮೇಲೆ ಹುಲ್ಲುಕಡ್ಡಿಯೂ ಹುಟ್ಟಿರದ ಕಾಲದಲ್ಲಿ, ಇಂದಿಗೆ ೨೫೦ ಕೋಟಿ ವರ್ಷಗಳಿಗೂ ಹಿಂದೆ ನೀರಿನ ತಳದಲ್ಲಿ ಕೂಡಿದ ಕೆಸರು ಗಟ್ಟಿಗೊಂಡು ಆದದ್ದೆಂದು ಭೂವಿಜ್ಞಾನಿಗಳು ಹೇಳುತ್ತಾರೆ. ಇದೇ ಶಿಲಾಪಟ್ಟಿಯಲ್ಲಿ ಚಿನ್ನದ ಅಂಶವೂ ಇದೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕಬಲಾಯತಕಟ್ಟಿಯ ಸುತ್ತಮುತ್ತ ಚಿನ್ನಕ್ಕಾಗಿ ಅಗೆದ ಗಣಿಗಳ ಗುರುತುಗಳು ಈಗಲೂ ಇವೆ. ಗುಡ್ಡದ ಭಾಗ್ಯವೂ ಅದರ ಆಪತ್ತೂ ಈ ಕಲ್ಲಿನಲ್ಲಿಯೇ ಅಡಗಿವೆ.

ಏರುವ ದಾರಿ

ಗುಡ್ಡವನ್ನು ಏರಲು ರೂಢಿಯ ದಾರಿಗಳಿವೆ. ಗದಗಿನಿಂದ ಮುಂಡರಗಿಗೆ ಹೋಗುವ ಹಾದಿಯಲ್ಲಿ ಸಿಗುವ ಡಂಬಳ ಮೊದಲ ನಿಲುಗಡೆ. ನಕ್ಷತ್ರದಾಕಾರದ ತಳವಿನ್ಯಾಸವುಳ್ಳ ಅಲ್ಲಿನ ದೊಡ್ಡಬಸಪ್ಪ ದೇವಾಲಯವು ಕಲ್ಯಾಣ ಚಾಲುಕ್ಯರ ಕಾಲದ ಶಿಲ್ಪಕ್ಕೆ ಕಿರೀಟದಂತಿದೆ. ಊರಿನ ದೊಡ್ಡ ಕೆರೆಗೆ ಗುಡ್ಡದಿಂದ ಇಳಿದುಬರುವ ಹಳ್ಳಗಳೇ ಆಸರೆ. ಗುಡ್ಡ ಬೋಳಾದರೆ ಕೆರೆ ಹೂಳಾಗುತ್ತದೆ ಎಂಬುದನ್ನು ಅಲ್ಲಿನ ರೈತರಿಗೆ ಯಾರೂ ಕಲಿಸಬೇಕಾಗಿಲ್ಲ.

ಡಂಬಳದಿಂದ ಡೋಣಿ ಗ್ರಾಮಕ್ಕೆ ಬಂದರೆ ಗುಡ್ಡದ ಬುಡ ಸಿಕ್ಕಂತೆ. ಈ ಭಾಗದಲ್ಲಿಯೇ ನಂದಿವೇರಿ ಮಠವಿದೆ. ಮಠದ ಶ್ರೀ ಶಿವಕುಮಾರ ಸ್ವಾಮಿಗಳು ಗುಡ್ಡದ ಗಿಡಮೂಲಿಕೆಗಳ ಪರಿಚಯ ಮತ್ತು ರಕ್ಷಣೆಗಳನ್ನೇ ತಮ್ಮ ಕಾಯಕವನ್ನಾಗಿ ಮಾಡಿಕೊಂಡವರು. ಮೇಲಕ್ಕೆ ಸಾಗಿದರೆ ಕಪ್ಪತ ಮಲ್ಲೇಶ್ವರನ ಸನ್ನಿಧಿ. ಅದರಾಚೆ ಸಾಲಿನ ಅತಿ ಎತ್ತರದ ಭಾಗದಲ್ಲಿ ಗಾಳಿಗುಂಡಿ ಬಸವಣ್ಣನ ಸ್ಥಾನ. ಸಮುದ್ರಮಟ್ಟದಿಂದ ಇದರ ಎತ್ತರ ಸಾವಿರ ಮೀಟರಿಗೆ ತುಸು ಕಡಿಮೆ. ಬುಡದ ಬಯಲಿನಿಂದ ಲೆಕ್ಕ ಹಾಕಿದರೆ ಸುಮಾರು ೩೦೦ ಮೀಟರಿನ ಏರು. ಹೆಸರೇ ಹೇಳುವಂತೆ ಇಲ್ಲಿ ಗಾಳಿಯದೇ ರಾಜ್ಯಭಾರ. ಆಷಾಢ ಶ್ರಾವಣಗಳಲ್ಲಿ ಮೋಡ ನೆಲಕ್ಕಿಳಿದು ಹತ್ತು ಹೆಜ್ಜೆ ಮುಂದಿನವನು ಕಾಣದಂತಾಗುತ್ತದೆ. ಈ ಗಾಳಿಯನ್ನು ಹಿಡಿದು ವಿದ್ಯುತ್ತು ತೆಗೆಯುವ ಎತ್ತರದ ಗಾಳಿಯಂತ್ರಗಳು ಏಣುಗಳ ಮೇಲೆ ನಿಂತಿವೆ. ಅವುಗಳಿಗಾಗಿ ಕಡಿದ ಅಗಲವಾದ ರಸ್ತೆಗಳೂ ಇವೆ. ಪಶ್ಚಿಮದ ಕಡೆಯಿಂದ, ಅಂದರೆ ನಮ್ಮ ಭಾಗದವರಿಗೆ ಹತ್ತಿರವಾದ ಶಿರಹಟ್ಟಿಯ ಕಡೆಯಿಂದ, ಕಡಕೋಳ ಗ್ರಾಮದ ಮೇಲೆ ಬಂದರೂ ಗುಡ್ಡವನ್ನು ಸೇರಬಹುದು.

ಈ ದಾರಿಗಳು ಯಾವ ಇಂಜಿನಿಯರನೂ ಎಳೆದ ಗೆರೆಗಳಲ್ಲ. ಕುರಿ, ದನ, ಸೌದೆ ಹೊರುವವರು, ಮೂಲಿಕೆ ಹುಡುಕುವ ವೈದ್ಯರು, ಮಲ್ಲಯ್ಯನಿಗೆ ನಡೆದುಕೊಳ್ಳುವ ಭಕ್ತರು ತಲೆಮಾರುಗಳಿಂದ ತುಳಿದು ಮಾಡಿದ ದಾರಿಗಳು. ನೀರು ಹರಿಯುವ ಕೊರಕಲನ್ನು ತಪ್ಪಿಸಿ, ಜಾರುವ ಗರಸನ್ನು ಬಿಟ್ಟು, ದಣಿದವನಿಗೆ ನೆರಳು ಸಿಗುವ ಕಡೆ ತಿರುವು ತೆಗೆದುಕೊಂಡು ಹೋಗುವ ಈ ದಾರಿಗಳಲ್ಲಿ ಬಹುಜನರ ಅನುಭವ ಕೂಡಿಕೊಂಡಿದೆ. ಆದ್ದರಿಂದ ಓಡುವವನು ಹತ್ತಿರವಾದೀತೆಂದು ದಾರಿ ಬಿಟ್ಟು ನೇರವಾಗಿ ಇಳಿಯುವುದು ಅವಿವೇಕ. ಅವನ ಕಾಲಿಗೂ ಅಪಾಯ, ಗುಡ್ಡಕ್ಕೂ ಗಾಯ. ಒಬ್ಬ ಇಳಿದ ನೇರ ಗೆರೆಯಲ್ಲಿ ಹತ್ತು ಜನ ಇಳಿದರೆ ಹುಲ್ಲಿನ ಬೇರು ಸಡಿಲವಾಗುತ್ತದೆ; ಬರುವ ಮಳೆಗೆ ಅದೇ ಗೆರೆ ಕೊರಕಲಾಗುತ್ತದೆ.

ಗುಡ್ಡದ ಓಟದ ಕ್ರಮ

ಬಯಲಿನಲ್ಲಿ ಓಡಿ ರೂಢಿಯಾದ ತರುಣನು ಗುಡ್ಡದಲ್ಲಿಯೂ ಅದೇ ವೇಗವನ್ನು ಬಯಸಿದರೆ ಮೊದಲ ಏರಿನಲ್ಲಿಯೇ ಏದುಸಿರು ಬಿಡಬೇಕಾಗುತ್ತದೆ. ಸ್ಕಾಟ್ಲೆಂಡಿನ ನೈಸ್ಮಿತ್ ಎಂಬ ಪರ್ವತಾರೋಹಿ ೧೮೯೨ರಲ್ಲಿ ಒಂದು ಸರಳವಾದ ಲೆಕ್ಕ ಹೇಳಿದ್ದಾನೆ. ನಡೆಯುವವನು ಸಮನೆಲದಲ್ಲಿ ಗಂಟೆಗೆ ೫ ಕಿಲೋಮೀಟರು ಸಾಗುತ್ತಾನೆ. ೬೦೦ ಮೀಟರು ಏರಿಗೆ ಇನ್ನೊಂದು ಗಂಟೆ ಕೂಡಿಸಬೇಕು. ಕಪ್ಪತಗುಡ್ಡದ ೩೦೦ ಮೀಟರಿಗೆ ಅರ್ಧ ಗಂಟೆ ಹೆಚ್ಚಾಯಿತು. ಬಿಸಿಲು, ಗಾಳಿ, ಸಡಿಲುಗಲ್ಲುಗಳನ್ನು ಗಣಿಸಿದರೆ ಮತ್ತಷ್ಟು ಬಿಡುವು ಇಟ್ಟುಕೊಳ್ಳುವುದು ಲೇಸು. ಮನೆಯವರಿಗೆ ಮರಳುವ ವೇಳೆಯನ್ನು ಹೇಳಿ ಹೋಗುವಾಗ ಈ ಲೆಕ್ಕ ಉಪಯೋಗಕ್ಕೆ ಬರುತ್ತದೆ.

ಏರಿನಲ್ಲಿ ಓಡಲೇಬೇಕೆಂಬ ಹಠ ಬೇಡ. ನುರಿತ ಓಟಗಾರರೂ ಕಡಿದಾದ ಏರನ್ನು ಚಿಕ್ಕ ಹೆಜ್ಜೆಗಳಿಂದ ನಡೆದೇ ಹತ್ತುತ್ತಾರೆ. ನಿಜವಾದ ಪರೀಕ್ಷೆ ಇಳಿಜಾರಿನಲ್ಲಿ. ಕಪ್ಪತಗುಡ್ಡದ ಕಬ್ಬಿಣಗಲ್ಲು ಒಡೆದು ಗೋಲಿಯಂಥ ಹರಳಾಗಿ ದಾರಿಯ ಮೇಲೆ ಹರಡಿರುತ್ತದೆ. ಹಿಮ್ಮಡಿ ಊರಿದರೆ ಜಾರುತ್ತದೆ, ಹಿಂದಕ್ಕೆ ಬಾಗಿದರೆ ಬೀಳಿಸುತ್ತದೆ. ಮೊಳಕಾಲನ್ನು ತುಸು ಬಾಗಿಸಿ, ಹೆಜ್ಜೆಯನ್ನು ಗಿಡ್ಡವಾಗಿಸಿ, ನಾಲ್ಕು ಮಾರು ಮುಂದಿನ ನೆಲವನ್ನು ನೋಡುತ್ತ ಇಳಿಯಬೇಕು. ಕಾಲ ಗೆಣ್ಣು ಉಳುಕಿದವನನ್ನು ಗುಡ್ಡದ ಮೇಲಿನಿಂದ ಕೆಳಕ್ಕೆ ತರುವುದು ಸಂಗಡಿಗರಿಗೆ ದಿನದ ಕೆಲಸವಾಗುತ್ತದೆ.

ಒಬ್ಬೊಬ್ಬರೇ ಹೋಗಬಾರದು. ಮೂರು ಜನರಿದ್ದರೆ ಒಬ್ಬನಿಗೆ ತೊಂದರೆಯಾದಾಗ ಒಬ್ಬನು ಬಳಿಯಿರುತ್ತಾನೆ, ಮತ್ತೊಬ್ಬನು ಕೆಳಗಿಳಿದು ನೆರವು ತರುತ್ತಾನೆ. ಮೊಬೈಲು ಎಲ್ಲ ಕಡೆಯೂ ಮಾತನಾಡುತ್ತದೆಂಬ ನಂಬಿಕೆಯ ಮೇಲೆ ಹೋಗಬಾರದು. ನೀರನ್ನು ಬೆನ್ನ ಮೇಲೆಯೇ ಒಯ್ಯಬೇಕು. ಬೇಸಿಗೆಯಲ್ಲಿ ಗುಡ್ಡದ ಹಳ್ಳಗಳು ಬತ್ತಿರುತ್ತವೆ. ತಿನ್ನಲು ಶೇಂಗಾ ಉಂಡಿ, ಬೆಲ್ಲ, ಖಡಕ್ ರೊಟ್ಟಿ ಇದ್ದರೆ ಪೇಟೆಯ ಬೆಲೆಬಾಳುವ ಪೊಟ್ಟಣಗಳು ಬೇಕಾಗುವುದಿಲ್ಲ. ಕಲ್ಲುಸಂದಿಯಲ್ಲಿ ಕೈಯಿಡಬಾರದು, ಇಂಥ ಒಣ ಗುಡ್ಡಗಳಲ್ಲಿ ವಿಷದ ಹಾವುಗಳಿರುತ್ತವೆ. ಕಚ್ಚಿದರೆ ಕೊಯ್ಯುವುದು, ಬಿಗಿಯಾಗಿ ಕಟ್ಟುವುದು, ಮಂತ್ರಕ್ಕೆ ಕಾಯುವುದು ಇವಾವುವೂ ಕೂಡದು. ಕಚ್ಚಿದ ಅಂಗ ಅಲುಗಾಡದಂತೆ ಹಿಡಿದು ಆದಷ್ಟು ಬೇಗ ದೊಡ್ಡ ಆಸ್ಪತ್ರೆಗೆ ಒಯ್ಯುವುದೊಂದೇ ದಾರಿ.

ಬೆಟ್ಟದ ಹವೆ ಮನುಷ್ಯನ ಏರ್ಪಾಡುಗಳನ್ನು ಲೆಕ್ಕಿಸುವುದಿಲ್ಲ. ಚೀನಾ ದೇಶದ ಗಾನ್ಸು ಪ್ರಾಂತದಲ್ಲಿ ೨೦೨೧ರ ಮೇ ೨೨ರಂದು ನಡೆದ ೧೦೦ ಕಿಲೋಮೀಟರಿನ ಗುಡ್ಡದ ಓಟದಲ್ಲಿ ಹಠಾತ್ತಾಗಿ ಆಲಿಕಲ್ಲು, ಮಳೆ, ಕೊರೆಯುವ ಗಾಳಿ ಎದ್ದು ೨೧ ಓಟಗಾರರು ಚಳಿಯಿಂದ ಸತ್ತರು. ಅವರಲ್ಲಿ ದೇಶಕ್ಕೆ ಹೆಸರಾದ ಓಟಗಾರರೂ ಇದ್ದರು. ಅದೇ ಹೊತ್ತಿನಲ್ಲಿ ಆ ಗುಡ್ಡದಲ್ಲಿ ಕುರಿ ಮೇಯಿಸುತ್ತಿದ್ದ ಒಬ್ಬ ಕುರಿಗಾಹಿ ತಾನು ಬಲ್ಲ ಗುಹೆಯೊಂದರಲ್ಲಿ ಆರು ಜನರನ್ನು ಸೇರಿಸಿ, ಬೆಂಕಿ ಮಾಡಿ ಬೆಚ್ಚಗಿರಿಸಿ ಬದುಕಿಸಿದ. ವೇಗದಲ್ಲಿ ಅವನು ಅವರಾರಿಗೂ ಸಮನಲ್ಲ. ಆ ಗುಡ್ಡದ ಅರಿವಿನಲ್ಲಿ ಅವರಾರೂ ಅವನಿಗೆ ಸಮನಾಗಿರಲಿಲ್ಲ. ಕಪ್ಪತಗುಡ್ಡಕ್ಕೆ ಹೋಗುವ ನಮ್ಮ ತರುಣರು ಬುಡದ ಹಳ್ಳಿಯ ಕುರಿಗಾಹಿಯನ್ನು 'ಅಣ್ಣಾ, ಇಂದಿನ ಗಾಳಿ ಹೇಗಿದೆ, ನೀರು ಎಲ್ಲಿದೆ' ಎಂದು ಕೇಳಿಕೊಂಡು ಏರಿದರೆ ಅವರಿಗೆ ಸಣ್ಣತನವಾಗದು.

ಗುಡ್ಡ ಉಳಿದ ಬಗೆ

ಈಗ ನಾವು ಏರಬಹುದಾದ ಈ ಗುಡ್ಡ ತಾನಾಗಿಯೇ ಉಳಿದುಬಂದುದಲ್ಲವೆಂಬುದನ್ನು ಮಕ್ಕಳಿಗೆ ತಿಳಿಸಬೇಕಾಗಿದೆ. ೨೦೧೫ರ ಡಿಸೆಂಬರಿನಲ್ಲಿ ರಾಜ್ಯ ಸರಕಾರವು ಕಪ್ಪತಗುಡ್ಡದ ಸುಮಾರು ೧೭೮ ಚದರ ಕಿಲೋಮೀಟರು ಪ್ರದೇಶವನ್ನು ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಿತು. ಒಂದು ವರ್ಷ ತುಂಬುವ ಮೊದಲೇ, ೨೦೧೬ರ ನವೆಂಬರಿನಲ್ಲಿ, ಆ ಆದೇಶವನ್ನು ಹಿಂತೆಗೆದುಕೊಂಡಿತು. ಗಣಿಗಾರಿಕೆಗೆ ಬಾಗಿಲು ತೆರೆಯಿತೆಂದು ಜನ ಕಳವಳಗೊಂಡರು. ಗದಗಿನ ತೋಂಟದಾರ್ಯ ಮಠದ ಜಗದ್ಗುರು ಡಾ. ಸಿದ್ಧಲಿಂಗ ಮಹಾಸ್ವಾಮಿಗಳು ೨೦೧೧ರಲ್ಲಿ ಮುಂಡರಗಿ ತಾಲೂಕಿನ ಹಳ್ಳಿಗುಡಿಯ ಸುತ್ತಲ ಫಲವತ್ತಾದ ಭೂಮಿಯನ್ನು ಉಕ್ಕಿನ ಕಾರ್ಖಾನೆಗೆ ಕೊಡಬಾರದೆಂದು ರೈತರ ಮುಂದಾಳಾಗಿ ನಿಂತಿದ್ದವರು. ಕಪ್ಪತಗುಡ್ಡದ ವಿಷಯದಲ್ಲಿಯೂ ಅವರು ಮಠದ ಗದ್ದುಗೆಯಿಂದ ಬೀದಿಗೆ ಇಳಿದರು. ೨೦೧೭ರ ಫೆಬ್ರವರಿಯಲ್ಲಿ ಗದಗಿನಲ್ಲಿ ನಡೆದ ಅಹೋರಾತ್ರಿ ಧರಣಿಯಲ್ಲಿ ನಂದಿವೇರಿ ಮಠದ ಸ್ವಾಮಿಗಳು, ಸಮಾಜ ಪರಿವರ್ತನ ಸಮುದಾಯದ ಎಸ್. ಆರ್. ಹಿರೇಮಠ ಮೊದಲಾದವರೊಡನೆ ರೈತರು, ಹೆಣ್ಣುಮಕ್ಕಳು, ವಿದ್ಯಾರ್ಥಿಗಳು ಕೂಡಿಕೊಂಡರು.

ಅದೇ ವರ್ಷದ ಏಪ್ರಿಲಿನಲ್ಲಿ ಸರಕಾರವು ಮೀಸಲು ಪ್ರದೇಶದ ಮಾನ್ಯತೆಯನ್ನು ಮರಳಿ ಕೊಟ್ಟಿತು. ೨೦೧೯ರಲ್ಲಿ ಸುಮಾರು ೨೪೪ ಚದರ ಕಿಲೋಮೀಟರು ಪ್ರದೇಶವು ವನ್ಯಜೀವಿಧಾಮವಾಯಿತು. ಮುಂದಾಳತ್ವ ವಹಿಸಿದ್ದ ಶ್ರೀಗಳು ಅದನ್ನು ಕಾಣಲು ಇರಲಿಲ್ಲ. ೨೦೧೮ರ ಅಕ್ಟೋಬರಿನಲ್ಲಿಯೇ ಅವರು ಲಿಂಗೈಕ್ಯರಾಗಿದ್ದರು. ವನ್ಯಜೀವಿಧಾಮವಾದ ಮೇಲೂ ಅದರ ಅಂಚಿನ ಗಣಿಗಾರಿಕೆಯ ಪ್ರಶ್ನೆ ಪೂರ್ತಿಯಾಗಿ ಮುಗಿದಿಲ್ಲ. ಅದಿರು ನೆಲದಲ್ಲಿ ಇರುವ ತನಕ ಅದನ್ನು ಬಯಸುವವರೂ ಇರುತ್ತಾರೆ.

ಇಲ್ಲಿ ವಿಚಾರಿಸಬೇಕಾದ ಸಂಗತಿಯೊಂದಿದೆ. ಆ ಧರಣಿಯಲ್ಲಿ ಕುಳಿತ ಜನರಿಗೆ ಗುಡ್ಡವು ನಕಾಶೆಯ ಮೇಲಿನ ಬಣ್ಣವಾಗಿರಲಿಲ್ಲ. ಮಲ್ಲಯ್ಯನಿಗೆ ನಡೆದುಕೊಂಡವರು, ಅಲ್ಲಿ ದನ ಮೇಯಿಸಿದವರು, ಅದರ ನೀರಿನಿಂದ ಬೆಳೆ ತೆಗೆದವರು, ಅದರ ಬೇರಿನಿಂದ ಮನೆಯ ಕೂಸಿನ ಜ್ವರ ಬಿಡಿಸಿಕೊಂಡವರು ಅಲ್ಲಿ ಕುಳಿತಿದ್ದರು. ಆ ಪೀಳಿಗೆಗೆ ವಯಸ್ಸಾಗುತ್ತಿದೆ. ಹಳ್ಳಿಗಳಿಗೆ ಅನಿಲದ ಸಿಲಿಂಡರು ಬಂದು ಸೌದೆಯ ದಾರಿ ಮುಚ್ಚುತ್ತಿದೆ. ಕುರಿ ಕಾಯುವ ಮಕ್ಕಳು ಶಾಲೆಗೆ ಹೋಗುತ್ತಿದ್ದಾರೆ. ಇವೆರಡೂ ಒಳ್ಳೆಯವೇ. ಆದರೆ ಗುಡ್ಡವನ್ನು ಕಾಲಿಂದ ಬಲ್ಲವರ ಸಂಖ್ಯೆ ಇದರಿಂದ ಇಳಿಯುತ್ತದೆ. ಇನ್ನು ಇಪ್ಪತ್ತು ವರ್ಷಗಳ ಮೇಲೆ 'ಈ ಗುಡ್ಡ ಯಾರಿಗೆ ಬೇಕು' ಎಂಬ ಪ್ರಶ್ನೆ ಮತ್ತೆ ಎದ್ದರೆ 'ನಮಗೆ ಬೇಕು' ಎಂದು ಎದ್ದು ನಿಲ್ಲುವವರು ಯಾರು? ಇಂದು ಅದರ ದಾರಿಯಲ್ಲಿ ನಡೆದ, ಓಡಿದ ಹುಡುಗ ಹುಡುಗಿಯರೇ ಆ ಸ್ಥಾನವನ್ನು ತುಂಬಬೇಕು. ಗುಡ್ಡದ ಓಟದ ಹೊಸ ಹಂಬಲವನ್ನು ನಾವು ಸ್ವಾಗತಿಸುವುದು ಈ ಕಾರಣದಿಂದ.

ಅತಿಯಾದರೆ ಅಮೃತವೂ

ಸ್ವಾಗತದೊಡನೆ ಎಚ್ಚರಿಕೆಯೂ ಅಗತ್ಯ. ೨೦೨೪ರ ಜನವರಿಯ ಕೊನೆಯ ರಜಾದಿನಗಳಲ್ಲಿ ಸುಬ್ರಹ್ಮಣ್ಯದ ಮೇಲಿನ ಕುಮಾರಪರ್ವತಕ್ಕೆ ಒಮ್ಮೆಲೇ ಸಾವಿರಾರು ಜನ ನುಗ್ಗಿ ಜಾತ್ರೆಯಂತಾಯಿತು. ಆ ಬಳಿಕ ಅರಣ್ಯ ಇಲಾಖೆಯು ಮುಂಗಡ ನೋಂದಣಿಯ ಏರ್ಪಾಡಿಲ್ಲದ ಚಾರಣಗಳನ್ನು ತಡೆಯಬೇಕಾಯಿತು. ಬೆಟ್ಟಕ್ಕೆ ಜನ ಬಾರದಿರುವುದು ಒಂದು ಕೇಡು. ಕಟ್ಟಳೆಯಿಲ್ಲದೆ ಬರುವುದು ಇನ್ನೊಂದು ಕೇಡು.

ಕಪ್ಪತಗುಡ್ಡ ವನ್ಯಜೀವಿಧಾಮವಾಗಿರುವುದರಿಂದ ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಅಲ್ಲಿಗೆ ಅನ್ವಯಿಸುತ್ತದೆ. ದೇವರ ದರ್ಶನಕ್ಕೆ ಹೋಗುವ ರೂಢಿಯ ರಸ್ತೆಯನ್ನು ಬಿಟ್ಟು ಒಳದಾರಿಗಳಲ್ಲಿ ನಡೆಯಬೇಕೆನ್ನುವವರು, ಓಡಬೇಕೆನ್ನುವವರು ಅರಣ್ಯ ಇಲಾಖೆಯ ಗದಗ ಕಚೇರಿಯಲ್ಲಿ ವಿಚಾರಿಸಿ ಒಪ್ಪಿಗೆ ಪಡೆದೇ ಹೋಗಬೇಕು. ಇದನ್ನು ಅಡ್ಡಿಯೆಂದು ತಿಳಿಯದೆ, ಮನೆಗೆ ಹೋಗುವವನು ಬಾಗಿಲಲ್ಲಿ ನಿಂತು ಕೂಗುವ ಮರ್ಯಾದೆಯೆಂದು ತಿಳಿಯಬೇಕು. ಅದು ತೋಳ, ಕತ್ತೆಕಿರುಬ, ಚಿರತೆ, ನವಿಲುಗಳ ಮನೆ. ಹೊತ್ತು ಮೂಡುವ ಮುನ್ನ ಮತ್ತು ಮುಳುಗಿದ ಮೇಲೆ ಅಲ್ಲಿ ನಮಗೆ ಕೆಲಸವಿಲ್ಲ. ಗದ್ದಲದ ಹಾಡು, ಡೋಲು, ಸಿಳ್ಳುಗಳಿಗೂ ಅಲ್ಲಿ ಸ್ಥಾನವಿಲ್ಲ.

ಎಲ್ಲಕ್ಕಿಂತ ದೊಡ್ಡ ಶತ್ರು ಬೆಂಕಿ. ಮಾಘದಿಂದ ವೈಶಾಖದವರೆಗೆ ಗುಡ್ಡದ ಹುಲ್ಲು ಒಣಗಿ ಸಿಡಿಮದ್ದಿನಂತಾಗಿರುತ್ತದೆ. ಎಸೆದ ಬೀಡಿಯ ತುಂಡು, ಚಹಕ್ಕೆ ಹೂಡಿದ ಮೂರು ಕಲ್ಲಿನ ಒಲೆ ಸಾಕು. ಗಾಳಿ ಮಿಕ್ಕ ಕೆಲಸ ಮಾಡುತ್ತದೆ. ನೆಲದ ಮೇಲೆ ಗೂಡು ಕಟ್ಟುವ ಹಕ್ಕಿಗಳು, ಆಮೆ, ಮೊಲದ ಮರಿಗಳು ಓಡಲಾರವು. ವನ್ಯಜೀವಿಧಾಮದಲ್ಲಿ ಬೆಂಕಿ ಹಚ್ಚುವುದು, ಉರಿಯುವುದನ್ನು ಬಿಟ್ಟುಬರುವುದು ಕಾಯಿದೆಯಂತೆಯೂ ಅಪರಾಧ. ಆ ನಾಲ್ಕು ತಿಂಗಳು ಗುಡ್ಡಕ್ಕೆ ಬಿಡುವು ಕೊಟ್ಟು, ನಮ್ಮ ಊರುಗಳ ಬಳಿಯ ಕೆರೆಯ ಏರಿ, ಹೊಲದ ದಾರಿಗಳಲ್ಲಿ ಓಡುವುದು ಉತ್ತಮ. ಹಿರೇಕೆರೂರಿನ ಕಡೆಯವರಿಗೆ ಮದಗ ಮಾಸೂರು ಕೆರೆಯ ಸುತ್ತಲ ಗುಡ್ಡಗಳಿವೆ; ವಿಜಯನಗರ ಕಾಲದ ಆ ಮಹಾ ಏರಿಗಳನ್ನು ನೋಡುವುದೇ ಒಂದು ಪಾಠ. ಹಾನಗಲ್ಲಿನವರಿಗೆ ಆನಿಕೆರೆಯ ದಂಡೆಯಿದೆ. ಮಳೆ ಬಿದ್ದು ಹುಲ್ಲು ಹಸಿರಾದ ಮೇಲೆ, ಶ್ರಾವಣದಿಂದ ಪುಷ್ಯದವರೆಗೆ, ಗುಡ್ಡ ತಾನೇ ಕರೆಯುತ್ತದೆ.

ಮನೆಯ ಹಿರಿಯರಲ್ಲಿ

ಹಾನಗಲ್ಲ ಕುಮಾರ ಶಿವಯೋಗಿಗಳು ೧೯೦೯ರಲ್ಲಿ ಬಾದಾಮಿಯ ಬಳಿ ಮಲಪ್ರಭೆಯ ದಂಡೆಯಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದಾಗ ವಟುಗಳಿಗೆ ಶಾಸ್ತ್ರದೊಡನೆ ಯೋಗಸಾಧನೆಯನ್ನೂ ಕಲಿಸುವ ವ್ಯವಸ್ಥೆ ಮಾಡಿದರು. ಕಾಯವನ್ನು ತಾತ್ಸಾರ ಮಾಡದೆ ಅದನ್ನು ಸಾಧನೆಯ ನೆಲೆಯೆಂದು ಕಂಡ ಪರಂಪರೆ ನಮ್ಮದು. ಆದ್ದರಿಂದ ಮಗ ಅಥವಾ ಮಗಳು ಗುಡ್ಡ ಏರಲು ಹೋಗುತ್ತೇನೆಂದಾಗ ಬೇಡವೆಂದು ಗದರಿಸುವುದಕ್ಕಿಂತ ಜೊತೆಯಾಗುವುದು ಮೇಲು. ಓಡಲಾರದ ಅಜ್ಜ ಅಜ್ಜಿಯರು ಮಲ್ಲೇಶ್ವರನ ಸನ್ನಿಧಿಯ ತನಕ ವಾಹನದಲ್ಲಿ ಬಂದು ನೆರಳಲ್ಲಿ ಕುಳಿತಿರಲಿ, ನಡೆಯಬಲ್ಲವರು ನಡೆಯಲಿ, ಓಡಬಲ್ಲವರು ಓಡಲಿ.

ಹೋದಾಗ ಒಂದು ನಿಯಮವನ್ನು ಮನೆಮಂದಿಯೆಲ್ಲ ಪಾಲಿಸಬಹುದು. ಒಯ್ದ ಪ್ಲಾಸ್ಟಿಕ್ ಚೀಲ ಬಾಟಲಿಗಳನ್ನು ಎಣಿಸಿಕೊಂಡು ಹೋಗಿ, ಎಣಿಸಿಕೊಂಡು ಮರಳಿ ತರುವುದು. ದಾರಿಯಲ್ಲಿ ಬೇರೆಯವರು ಎಸೆದದ್ದನ್ನು ಒಂದಿಷ್ಟು ಹೆಚ್ಚಿಗೆ ಹೆಕ್ಕಿ ತರುವುದು. ದಾಸೋಹವೆಂದರೆ ಅನ್ನವಿಕ್ಕುವುದಷ್ಟೇ ಆಗಿರಬೇಕಾಗಿಲ್ಲ. ಮತ್ತೊಂದು ಮಾತು: ಪ್ರತಿ ಸಲ ಹೋದಾಗಲೂ ಮಕ್ಕಳು ಐದು ಗಿಡಗಳ ಹೆಸರನ್ನು ಆ ಊರಿನವರಿಂದ ಕೇಳಿ ಕಲಿತು ಬರಲಿ, ಕೀಳಬಾರದು, ತರಬಾರದು, ಹೆಸರನ್ನು ಮಾತ್ರ ತರಬೇಕು. ಎಷ್ಟು ನಿಮಿಷದಲ್ಲಿ ಏರಿದೆನೆಂಬ ಲೆಕ್ಕವನ್ನು ಓಟಗಾರರ ಕೈಗಡಿಯಾರಗಳು ಇಟ್ಟುಕೊಳ್ಳುತ್ತವೆ. ಎಷ್ಟು ಹೆಸರು ಕಲಿತೆನೆಂಬ ಲೆಕ್ಕವನ್ನು ತಾಯಿಯೋ ಅಜ್ಜಿಯೋ ಇಟ್ಟುಕೊಳ್ಳಬೇಕಾಗುತ್ತದೆ.

ಹೀಗೆ ಹತ್ತು ವರ್ಷ ನಡೆದರೆ ನಮ್ಮ ನಾಲ್ಕು ತಾಲೂಕುಗಳ ಪ್ರತಿ ಊರಿನಲ್ಲಿಯೂ ಕಪ್ಪತಗುಡ್ಡವನ್ನು ಹೆಜ್ಜೆ ಹೆಜ್ಜೆಗೆ ಬಲ್ಲ ನಾಲ್ಕೈದು ಜನ ತಯಾರಾಗುತ್ತಾರೆ. ಗುಡ್ಡಕ್ಕೆ ಬೇಲಿ ಹಾಕಿದರೂ ಅದಕ್ಕಿಂತ ಗಟ್ಟಿಯಾದ ಕಾವಲು ಅದಾಗುತ್ತದೆ. ಬರುವ ಶ್ರಾವಣದಲ್ಲಿ ಒಂದು ಸೋಮವಾರವನ್ನು ಓದುಗ ಬಂಧುಗಳು ಇದಕ್ಕಾಗಿ ತೆಗೆದಿರಿಸಲೆಂದು ಹಾರೈಸುತ್ತೇವೆ.